ಭಾರದ ಹೊತ್ತಿನ ಇಪ್ಪತ್ತೊಂದು ಹೆಜ್ಜೆ

ನಾನು ವ್ಯಾಯಾಮದ ಕ್ಲಾಸಿಗೆ ಸೇರಿದ್ದು ಐವತ್ತೇಳನೆಯ ವಯಸ್ಸಿನಲ್ಲಿ. ಸೇರಿದ ದಿನವೇ ವಾರ್ಮಪ್ ಮುಗಿಯುವ ಮುನ್ನ ಎಚ್ಚರ ತಪ್ಪಿ ಬಿದ್ದೆ. ಅದಾಗಿ ಹನ್ನೊಂದು ವರ್ಷವಾಯಿತು. ಈಗಲೂ ನಮ್ಮೂರಿನಲ್ಲಿ ಟೈಲರ್ ಓಬಳಯ್ಯನ ಅಂಗಡಿ ಎಲ್ಲಿ ಎಂದರೆ ಜನ ಯೋಚಿಸುತ್ತಾರೆ, ವಾರ್ಮಪ್ಪಿನಲ್ಲಿ ಬಿದ್ದವನ ಅಂಗಡಿ ಎಂದರೆ ಕೈಹಿಡಿದು ಕರೆತರುತ್ತಾರೆ. ನನಗೇನೂ ಬೇಸರವಿಲ್ಲ. ಆ ಮೂರು ತಿಂಗಳು ಮೈಕೈ ನೋವಿನ ಸಮೇತ ಮತ್ತೆ ಬಂದರೆ ಬೇಡ ಎನ್ನುವವನಲ್ಲ ನಾನು.

ನಮ್ಮೂರಿನಲ್ಲಿ ಬೆಳಗಿನ ಆರರಿಂದ ಆರೂ ನಲವತ್ತರವರೆಗೆ ಭಾರದ ಹೊತ್ತು. ಐದೂ ಮುಕ್ಕಾಲಿಗೇ ಹಾಲಿನವನು ಕ್ಯಾನು ಇಳಿಸಿ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಹೆಂಗಸರು ಓಲೆ ಬಿಚ್ಚಿಡುತ್ತಾರೆ, ಮರೆತರೆ ಕಿವಿ ಜೋತುಬೀಳುತ್ತದೆ. ತೆಂಗಿನ ಮರದ ಕೆಳಗೆ ಯಾರೂ ಸುಳಿಯುವುದಿಲ್ಲ. ಮೊದಲ ಬಸ್ಸು ಊರ ಹೊರಗೇ ನಿಂತು, ಡ್ರೈವರು ಆರೂ ನಲವತ್ತರ ತನಕ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಾನೆ. ಅರವತ್ತು ಕೆಜಿಯ ಆಳು ಆ ನಲವತ್ತು ನಿಮಿಷ ನೂರಕ್ಕೆ ಕಡಿಮೆ ತೂಗುವುದಿಲ್ಲ. ವರ್ಗವಾಗಿ ಬಂದ ಮೇಷ್ಟರುಗಳು ಮೊದಲ ವಾರ ಹೆದರುತ್ತಾರೆ, ಎರಡನೆಯ ವಾರ ಸರ್ಕಾರವನ್ನು ಬೈಯುತ್ತಾರೆ, ಮೂರನೆಯ ವಾರದಿಂದ ಚಾಪೆಯ ಮೇಲೆ ಬಿದ್ದುಕೊಂಡು ಪೇಪರು ಓದಲು ಕಲಿಯುತ್ತಾರೆ.

ಮದುವೆಯ ಮುಖ್ಯ ಶಾಸ್ತ್ರವೂ ಆ ಹೊತ್ತಿಗೇ. ಸೋದರಮಾವನಾದವನು ಹೆಣ್ಣನ್ನು ಎತ್ತಿಕೊಂಡು ಚಪ್ಪರದ ಕಂಬದಿಂದ ಗಂಡಿನ ಮನೆಯ ಹೊಸ್ತಿಲಿಗೆ ಇಪ್ಪತ್ತೊಂದು ಹೆಜ್ಜೆ ನಡೆಯಬೇಕು. ಹೆಣ್ಣಿನ ಕಾಲು ನೆಲ ಮುಟ್ಟಬಾರದು, ಆರೂ ನಲವತ್ತಕ್ಕೆ ಭಾರ ಇಳಿಯುವುದರೊಳಗೆ ಹೊಸ್ತಿಲು ದಾಟಿರಬೇಕು. ಎತ್ತಿ ತಂದವನ ಮನೆಯೇ ಅವಳಿಗೆ ಮುಂದೆ ತವರು. ಗೌರಿಹಬ್ಬಕ್ಕೆ ಕರೆಯುವವನು ಅವನು, ಬಾಣಂತನ ಅವನ ಮನೆಯಲ್ಲಿ, ಗಂಡನ ಜೊತೆ ಮಾತು ಬಿಟ್ಟರೆ ಅವಳು ಬಂದು ಮುಖ ಊದಿಸಿಕೊಂಡು ಕೂರುವುದು ಅವನ ಜಗಲಿಯ ಮೇಲೆ. ಸೋದರಮಾವನ ಕೈಲಾಗದಿದ್ದರೆ ವರಸೆಯಲ್ಲಿ ಮಾವನಾಗುವ ಇನ್ನೊಬ್ಬ ಎತ್ತುತ್ತಾನೆ, ತವರು ಅವನ ಮನೆಗೆ ಹೋಗುತ್ತದೆ. ಹೋದದ್ದು ಹೋದಂತೆಯೇ, ಆಮೇಲೆ ಅತ್ತುಕೊಂಡರೆ ತಿರುಗಿ ಬರುವುದಿಲ್ಲ.

ನನ್ನ ತಂಗಿ ಗಂಗರತ್ನ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಒಬ್ಬಳೇ ಮಗಳು ಭುವನ. ನನಗೂ ನನ್ನ ಹೆಂಡತಿ ಬೋರಮ್ಮನಿಗೂ ಮಕ್ಕಳಿಲ್ಲ. ತಂಗಿಯ ನಗು, ತಂಗಿಯ ಮೊಂಡುತನ, ಮಾತಿನ ನಡುವೆ ಮೂಗು ಉಜ್ಜಿಕೊಳ್ಳುವ ಚಾಳಿ, ಎಲ್ಲ ಆ ಹುಡುಗಿಯಲ್ಲಿ ಉಳಿದಿತ್ತು. ಒಂದು ಸಂಜೆ ಅವಳ ಅಪ್ಪ ಪಾಲಯ್ಯ ಅಂಗಡಿಗೆ ಬಂದು ಕತ್ತರಿಯನ್ನು ಎತ್ತಿ ಇಳಿಸಿ, ಇಳಿಸಿ ಎತ್ತಿ, ಕೊನೆಗೆ ಬಾಯಿಬಿಟ್ಟ.

"ಭಾವ, ಬೇಜಾರ್ ಮಾಡ್ಕಬೇಡ. ಲಗ್ನ ಇನ್ನು ಮೂರು ತಿಂಗ್ಳಿಗೆ. ನಿನ್ ಕೈಲಿ ಆಗುತ್ತಾ, ಇಲ್ಲ ಜಂಬಣ್ಣಂಗೆ ಹೇಳ್ಲಾ?"

ಜಂಬಣ್ಣ ನನ್ನ ಚಿಕ್ಕಪ್ಪನ ಮಗ. ಅಕ್ಕಿ ಗಿರಣಿಯಲ್ಲಿ ಮೂಟೆ ಎತ್ತುವವನು, ಎದೆ ನಲವತ್ತಾರು ಇಂಚು, ಅಂಗಿಗೆ ಎರಡೂವರೆ ಮೀಟರ್ ಬಟ್ಟೆ ಬೇಕು. ಒಳ್ಳೆಯವನೇ. ಆದರೆ ಒಳ್ಳೆಯವನು ಎಂದು ತವರನ್ನು ಬಿಟ್ಟುಕೊಡಲಾಗುತ್ತದೆಯೆ?

"ಜಂಬಣ್ಣಂಗೆ ಊಟಕ್ಕೆ ಹೇಳು. ಎತ್ತೋನು ನಾನು," ಎಂದೆ.

ಒಳಗಿನಿಂದ ಬೋರಮ್ಮ ಬೇಕೆಂದೇ ಗಟ್ಟಿಯಾಗಿ ಕೆಮ್ಮಿದಳು. ಪಾಲಯ್ಯ ಹೋದ ಮೇಲೆ ಹೊರಗೆ ಬಂದು, "ಗ್ಯಾಸ್ ಸಿಲಿಂಡ್ರು ಒಳಗಿಡೋಕೆ ಪಕ್ಕದ ಮನೆಯೋರ್ನ ಕೂಗ್ತೀರಿ. ಆ ಹುಡುಗಿ ಅರವತ್ತೊಂದು ಕೆಜಿ ಇದಾಳೆ, ಭಾರದ ಹೊತ್ನಲ್ಲಿ ಎಷ್ಟಾಗುತ್ತೆ ಅಂತ ಗೊತ್ತಾ?" ಎಂದಳು. ಗೊತ್ತಿತ್ತು. ಅದಕ್ಕೇ ಆ ರಾತ್ರಿ ಊಟ ಸೇರಲಿಲ್ಲ.

ಊರಿನಲ್ಲಿ ಮೈ ಬೆಳೆಸುವ ಜಾಗ ಒಂದೇ, ಖಾದರ್ ಉಸ್ತಾದರ ಗರಡಿ. ಚಿಕ್ಕಂದಿನಲ್ಲಿ ನಾನೂ ಅಲ್ಲಿ ನಾಲ್ಕು ವರ್ಷ ಮಣ್ಣು ಹೊತ್ತಿದ್ದೆ. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿದ ಆ ಕೆಂಪು ಮಣ್ಣಿನ ವಾಸನೆ ಶನಿವಾರ ಎಷ್ಟು ಉಜ್ಜಿಕೊಂಡು ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಗಂಗರತ್ನ ಕಿಟಕಿಯ ಹೊರಗೆ ಇಟ್ಟಿಗೆಯ ಮೇಲೆ ನಿಂತು ನನ್ನ ಬಸ್ಕಿ ಎಣಿಸುವಳು. ಹನ್ನೆರಡು, ಹದಿಮೂರು ಎಂದು ಬಂದವಳು ನನ್ನ ಮುಖ ಕೆಂಪಾದದ್ದು ಕಂಡ ಕೂಡಲೆ ಇಪ್ಪತ್ತೆಂಟು, ಮೂವತ್ತು ಎಂದು ಹಾರಿಬಿಡುವಳು. ಉಸ್ತಾದರಿಗೆ ಗೊತ್ತಾಗುತ್ತಿತ್ತು. "ನಿನ್ನ ತಂಗೀನ ಸ್ಕೂಲಿಗೆ ಸರಿಯಾಗಿ ಕಳಿಸು, ಲೆಕ್ಕ ಬರಲ್ಲ ಅವಳಿಗೆ," ಎಂದು ನಗುತ್ತಿದ್ದರು. ಅಪ್ಪ ಹೋದಾಗ ನನಗೆ ಹದಿನೈದು. ಅಲ್ಲಿಂದ ಹೊಲಿಗೆ ಯಂತ್ರದ ಮುಂದೆ ಕೂತವನು ನಲವತ್ತೆರಡು ವರ್ಷ ಎದ್ದಿರಲಿಲ್ಲ.

ಉಸ್ತಾದರು ಈಗಿಲ್ಲ. ಮೊಮ್ಮಗಳು ನಫೀಸಾ ಯಾವುದೋ ದೊಡ್ಡ ಊರಿನಲ್ಲಿ ಕಲಿತು ಬಂದು, ಮಣ್ಣು ತೆಗೆಸಿ, ಕರೀ ರಬ್ಬರ್ ಚಾಪೆ ಹಾಸಿ ಕ್ಲಾಸು ಶುರುಮಾಡಿದ್ದಳು. ಅದೂ ಭಾರದ ಹೊತ್ತಿನಲ್ಲೇ. ಬೇರೆ ಕಡೆ ಒಂದೂವರೆ ಗಂಟೆ ಮಾಡುವುದು ಇಲ್ಲಿ ನಲವತ್ತೇ ನಿಮಿಷಕ್ಕೆ ಆಗುತ್ತದೆ ಎಂದು ಅವಳ ವಾದ. ಊರಿನವರು ಹುಡುಗಿಗೆ ತಲೆ ಕೆಟ್ಟಿದೆ ಎಂದರು. ತಿಂಗಳೊಳಗೆ ಹದಿನಾಲ್ಕು ಜನ ಸೇರಿದರು. ಹದಿನೈದನೆಯವನು ನಾನು, ಬೋರಮ್ಮ ಹೊಲಿದಿಟ್ಟಿದ್ದ ಪಟ್ಟಾಪಟ್ಟಿ ಚಡ್ಡಿಯಲ್ಲಿ.

ಮೊದಲ ದಿನ ಬಿದ್ದದ್ದು ಮುಪ್ಪಿನಿಂದಲ್ಲ. ಭಾರ ಮೈಮೇಲೆ ಬರುವಾಗ ನಮ್ಮೂರಿನವರೆಲ್ಲ ತಿಳಿಯದೆಯೇ ಉಸಿರು ಹಿಡಿಯುತ್ತೇವೆ. ತೊಟ್ಟಿಲ ಮಗುವೂ ಹಿಡಿಯುತ್ತದೆ. ಕೂತು ಹಿಡಿದರೆ ನಡೆಯುತ್ತದೆ, ಕುಣಿದಾಡಿಕೊಂಡು ಹಿಡಿದರೆ ಕಣ್ಣಿಗೆ ಕತ್ತಲೆ. ಮುಖಕ್ಕೆ ನೀರು ಚಿಮುಕಿಸಿ ನಫೀಸಾ, "ಅಂಕಲ್, ಎಲ್ರೂ ಮಾಡೋ ತಪ್ಪೇ ಇದು. ಉಸಿರು ಬಿಡಿ. ಅದೊಂದು ಕಲೀರಿ, ಮಿಕ್ಕಿದ್ದು ನಾನ್ ಕಲಿಸ್ತೀನಿ," ಎಂದಳು. ನಾನು ಆ ವಾರವೆಲ್ಲ ಉಸಿರು ಬಿಡುವುದನ್ನೇ ಕಲಿತೆ.

ಮೈಗಿಂತ ಕಷ್ಟ ಕೊಟ್ಟದ್ದು ಅಲ್ಲಿನ ಮಾತು. ಒಮ್ಮೆ ಎದ್ದು ಕೂತರೆ ರೆಪ್, ಹತ್ತು ರೆಪ್ಪಿಗೆ ಒಂದು ಸೆಟ್. ಇಪ್ಪತ್ತು ಸೆಕೆಂಡು ಸತ್ತುಹೋಗುವಷ್ಟು ಮಾಡಿ ಹತ್ತು ಸೆಕೆಂಡು ಬದುಕಿಕೊಂಡರೆ ಅದು ಟಬಾಟಾ. ಕೊಟ್ಟ ಸಮಯದೊಳಗೆ ಆದಷ್ಟು ಸುತ್ತು ಹೊಡೆದರೆ ಆಮ್ರಾಪ್. ನೆಲಕ್ಕೆ ಬಿದ್ದು ಕಾಲು ಹಿಂದಕ್ಕೆ ಎಸೆದು, ಮತ್ತೆ ಎದ್ದು ಹಾರಿದರೆ ಬರ್ಪಿ. ಎರಡು ಕೈಯಲ್ಲಿ ಮರಳಿನ ಚೀಲ ಹಿಡಿದು ಗೋಡೆಯಿಂದ ಗೋಡೆಗೆ ನಡೆದರೆ ಫಾರ್ಮರ್ಸ್ ಕ್ಯಾರಿ. ಆಕ್ಟಿವ್ ರಿಕವರಿ ಎಂದಾಗ ನಾನು ಸುಧಾರಿಸಿಕೊಳ್ಳಲು ಬಿಟ್ಟರಲ್ಲ ಎಂದು ಕೂತುಬಿಟ್ಟೆ, ಉಳಿದ ಹದಿನಾಲ್ಕು ಜನ ನಿಂತಲ್ಲೇ ಓಡುತ್ತಿದ್ದರು. ಕಾಲೇಜು ಹುಡುಗರು ಆ ಪದಗಳನ್ನು ಕಡಲೆಕಾಯಿಯಂತೆ ಬಾಯಿಗೆ ಹಾಕಿಕೊಳ್ಳುವರು. ನಾನು ಪ್ರತಿ ಪದ ಕೂಗಿದಾಗಲೂ ಪಕ್ಕದವನ ಮೈ ನೋಡಿ ಅವನು ಮಾಡಿದ್ದನ್ನು ಮಾಡುವೆನು, ಅಷ್ಟರಲ್ಲಿ ಅವನು ಮುಂದಿನದಕ್ಕೆ ಹೋಗಿರುವನು.

ಅಂಗಡಿಗೆ ಬಂದು ಕಲಿತದ್ದನ್ನೆಲ್ಲ ಅಳತೆಯ ಪುಸ್ತಕದಲ್ಲಿ, ಯಾರದೋ ಕಾಲರಿಗೂ ಯಾರದೋ ತೋಳಿಗೂ ನಡುವೆ ಬರೆದಿಡುತ್ತಿದ್ದೆ. ಬೋರಮ್ಮ ಕನ್ನಡಕ ಏರಿಸಿ ಓದಿದಳು.

"ಪ್ಲ್ಯಾಂಕ್ ಅಂದ್ರೇನ್ರೀ?"

"ಹಲಗೆ ಥರ ಅಲ್ಲಾಡ್ದೆ ಇರೋದು."

"ಅದನ್ನ ನೀವು ಭಾನುವಾರ ಪೂರ್ತಿ ಮಾಡ್ತೀರಲ್ಲ. ಅದಕ್ಯಾಕೆ ಕ್ಲಾಸು?"

ನಾಲ್ಕನೆಯ ವಾರ ಒಂದು ಬೆಳಿಗ್ಗೆ ನಫೀಸಾ, "ಸ್ಕ್ವಾಟ್, ಮೂವತ್ತು!" ಎಂದು ಕೂಗಿದಳು. ಪಕ್ಕದವನ ಮೈ ನೋಡಲು ತಿರುಗುವ ಮೊದಲೇ ನನ್ನ ಕಾಲುಗಳು ಕೆಲಸ ಶುರುಮಾಡಿದ್ದವು. ಬೆನ್ನು ನೇರ, ಹಿಮ್ಮಡಿ ನೆಲದಲ್ಲಿ, ಕಣ್ಣು ಎದುರಿನ ಗೋಡೆಯ ಮೇಲೆ. ಎಂಟು ಮಾಡಿದ ಮೇಲೆ ನನಗೆ ಅರ್ಥವಾಯಿತು. "ಇದು ಬಸ್ಕಿ ಕಣಮ್ಮ!" ಎಂದು ಕೂಗಿಬಿಟ್ಟೆ. ಭಾರದ ಹೊತ್ತಿನಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಕೂಗುವುದಿಲ್ಲ, ಎಲ್ಲರೂ ನಿಂತರು.

ಕ್ಲಾಸು ಮುಗಿದ ಮೇಲೆ ನಫೀಸಾ ಬಂದು ಪಕ್ಕದಲ್ಲಿ ಕೂತಳು. "ನಂಗೆ ಮೂರು ವರ್ಷ ಇದ್ದಾಗ ತಾತ ಹೋಗ್ಬಿಟ್ರು. ಇದಕ್ಕೆಲ್ಲ ಅವರು ಏನಂತಿದ್ರು, ಹೇಳ್ತೀರಾ ಅಂಕಲ್?" ಎಂದು ಕೇಳಿದಳು. ಹೇಳಿದೆ. ಪುಶಪ್ಪಿಗೆ ದಂಡೆ. ಎರಡು ಕೈಯಲ್ಲಿ ಬೀಸುವ ಮರದ ಗದೆಗೆ ಕರೇಲ. ಕುಸ್ತಿಯ ಒಂದೊಂದು ಹಿಡಿತಕ್ಕೂ ಒಂದೊಂದು ಪಟ್ಟು, ಅದರ ಹೆಸರು, ಅದನ್ನು ಕೂಗುವಾಗ ಉಸ್ತಾದರು ತೊಡೆ ತಟ್ಟುತ್ತಿದ್ದ ರೀತಿ. ಅವಳೂ ಫೋನಿನಲ್ಲಿ ಬರೆದುಕೊಂಡಳು. ಮಾರನೆಯ ದಿನದಿಂದ ಕ್ಲಾಸಿನಲ್ಲಿ "ಹತ್ತು ಬರ್ಪಿ, ಇಪ್ಪತ್ತು ಬಸ್ಕಿ, ಹದಿನೈದು ದಂಡೆ" ಎಂದು ಕೂಗು ಕೇಳತೊಡಗಿತು. ಕಾಲೇಜು ಹುಡುಗರು ಬಸ್ಕಿ ಎಂದರೇನೆಂದು ನನ್ನ ಮೈ ನೋಡಿದರು. ಆವತ್ತು ನನಗಾದ ಖುಷಿಯನ್ನು ಹೇಗೆ ಹೇಳಲಿ, ಮನೆಗೆ ಹೋಗುವಾಗ ಸುಮ್ಮನೆ ಎರಡು ಬೀದಿ ಹೆಚ್ಚಾಗಿ ಸುತ್ತಿಕೊಂಡು ಹೋದೆ.

ಒಂದು ಪದ ಮಾತ್ರ ನಾನು ಪುಸ್ತಕಕ್ಕೆ ಹತ್ತಿಸಲಿಲ್ಲ. ದಂಡೆ ಹೊಡೆಯುವಾಗ ತೋಳು ನಡುಗಿದರೆ ಮಂಡಿ ಊರಿ ಮಾಡಿ, ಅದಕ್ಕೆ ಮಾಡಿಫಿಕೇಶನ್ ಎನ್ನುತ್ತಾರೆ, ಅದೂ ಲೆಕ್ಕಕ್ಕೆ ಬರುತ್ತದೆ ಎಂದು ನಫೀಸಾ ಹೇಳಿದಳು. ನಾನು ಒಪ್ಪಲಿಲ್ಲ. ಅವಳ ತಾತನ ಗರಡಿಯಲ್ಲಿ ಮಂಡಿ ಮಣ್ಣಿಗೆ ತಾಗಿತೆಂದರೆ ಆವತ್ತಿಗೆ ಮುಗಿಯಿತು, ಮೂಲೆಯಲ್ಲಿ ಗೋಡೆಯ ಕಡೆ ಮುಖಮಾಡಿ ನಿಲ್ಲಬೇಕಿತ್ತು. ಐದನೆಯ ದಂಡೆಗೇ ಮುಖ ಬಡಿದುಕೊಂಡು ಬೀಳುತ್ತಿದ್ದೆನೇ ಹೊರತು ಮಂಡಿ ಊರುತ್ತಿರಲಿಲ್ಲ.

"ಅದು ಸೋಲಲ್ಲ ಅಂಕಲ್. ಕೆಲ್ಸ ಮುಗ್ಸೋ ಇನ್ನೊಂದು ದಾರಿ," ಎಂದಳು ಒಮ್ಮೆ.

"ನಿಮ್ ತಾತ ಕೇಳಿದ್ರೆ ಎದ್ದು ಬರ್ತಾರೆ," ಎಂದೆ. ಅವಳು ನಕ್ಕಳು.

ಒಂಬತ್ತನೆಯ ವಾರಕ್ಕೆ ಐವತ್ತು ಕೆಜಿ ಮರಳಿನ ಚೀಲ ಎದೆಗವುಚಿ ಹದಿನೆಂಟು ಹೆಜ್ಜೆ ನಡೆಯುವಷ್ಟಾಗಿದ್ದೆ. ಪಾಲಯ್ಯ ಬಂದು ನೋಡಿ ಕಣ್ಣು ಬಾಯಿ ಬಿಟ್ಟ. ಅದೇ ವಾರ ಭುವನ ಮದುವೆಯ ರವಿಕೆಯ ಅಳತೆಗೆಂದು ಅಂಗಡಿಗೆ ಬಂದಳು. ಟೇಪು ಹಿಡಿದೆ. ಪುಸ್ತಕದಲ್ಲಿದ್ದ ಹಳೆಯ ಅಳತೆಗಿಂತ ಎದೆಯಲ್ಲಿ ಒಂದೂವರೆ ಇಂಚು ಕಡಿಮೆ. ಸೊಂಟದಲ್ಲಿ ಎರಡು. ತೋಳಿನ ಸುತ್ತ ಟೇಪು ಸಡಿಲವಾಗಿ ಜಾರಿತು. ಮತ್ತೊಮ್ಮೆ ಹಿಡಿದೆ. ನಾಲ್ಕು ದಶಕ ಟೇಪು ಹಿಡಿದ ಕೈ ತಪ್ಪುವುದಿಲ್ಲ.

"ಏನ್ ತಿಂತಿದೀಯ ನೀನು?" ಎಂದೆ.

ಅವಳು ಮೂಗು ಉಜ್ಜಿಕೊಂಡಳು. "ಬೆಳಿಗ್ಗೆ ಒಂದು ಸೌತೆಕಾಯಿ. ರಾತ್ರಿ ಮಜ್ಜಿಗೆ. ಇನ್ನೂ ಮೂರು ವಾರ ಇದೆ ಮಾವ, ಇನ್ನೊಂದು ನಾಲ್ಕು ಕೆಜಿ ಇಳೀತೀನಿ. ನಿಂಗೆ ಸ್ವಲ್ಪ ಹಗುರ ಆಗುತ್ತೆ."

ಟೇಪು ಕೊರಳಿಗೆ ಹಾಕಿಕೊಂಡು ಯಂತ್ರದ ಕಡೆ ತಿರುಗಿ ನಿಂತು ಅತ್ತೆ. ಹೆಣ್ಣು ಮಗುವೊಂದು ನನ್ನ ಕೈಲಾಗದತನಕ್ಕೆ ತನ್ನ ಹೊಟ್ಟೆ ಕಟ್ಟುತ್ತಿದೆ, ಇದಕ್ಕಿಂತ ನಾಚಿಕೆ ಇನ್ನೇನು ಬೇಕು?

"ನಿಮ್ಮಮ್ಮನ ಮದ್ವೇಲಿ ನಮ್ ಮಾವ ಬಾಯಲ್ಲಿ ಬೀಡಿ ಇಟ್ಕೊಂಡೇ ಅವಳನ್ನ ಎತ್ಕೊಂಡು ಹೋದ," ಎಂದೆ ಕಣ್ಣೊರೆಸಿಕೊಂಡು. "ಅವಳು ಹಿಂದಿನ್ ರಾತ್ರಿ ಏಳು ಹೋಳಿಗೆ ತಿಂದಿದ್ಲು. ನೀನು ಒಂದು ಗುಲಗಂಜಿ ತೂಕ ಇಳಿದ್ರೂ ನಾನು ಮದ್ವೆಗೇ ಬರಲ್ಲ. ಜಂಬಣ್ಣ ಎತ್ಲಿ."

ಬೋರಮ್ಮ ಆಗಲೇ ತಟ್ಟೆ ಹಾಕಿದ್ದಳು. ಭುವನ ಅಳುತ್ತಲೇ ಎರಡು ಮುದ್ದೆ ಉಂಡಳು, ಸಾರು ಸಾಲದೆ ಮತ್ತೆ ಹಾಕಿಸಿಕೊಂಡಳು. ನಾನು ರವಿಕೆಯನ್ನು ಹಳೆಯ ಅಳತೆಗೇ ಕತ್ತರಿಸಿದೆ. ಮದುವೆಯ ಹಿಂದಿನ ದಿನ ಹಾಕಿ ನೋಡಿದಾಗ ಒಂದು ಹುಕ್ಕೂ ತಪ್ಪದೆ ಕೂತಿತು.

ಮದುವೆಯ ಬೆಳಿಗ್ಗೆ ಆರು ಹೊಡೆಯುವ ಮುನ್ನ ಅಂಗಳದ ಎರಡೂ ಬದಿ ಜನ ಚಾಪೆ ಹಾಸಿ ಕೂತರು. ವಾಲಗದವರು ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡರು, ಆ ಹೊತ್ತಿನಲ್ಲಿ ಊದಲು ಯಾರಿಗೂ ಎದೆ ಸಾಲದು. ಜಂಬಣ್ಣ ಕಂಬದ ಪಕ್ಕ ಹೊಸ ಅಂಗಿಯಲ್ಲಿ, ನಾನೇ ಹೊಲಿದದ್ದು, ಬೇಕಾದರೆ ಇರಲಿ ಎಂದು ನಿಂತಿದ್ದ. ನಫೀಸಾ ಕ್ಲಾಸಿನ ಹದಿನಾಲ್ಕು ಜನರ ಜೊತೆ ಸಾಲಿನ ಕೊನೆಯಲ್ಲಿದ್ದಳು. ಭಾರ ಮೈಮೇಲೆ ಬಂತು, ಆರತಿ ಮುಗಿಸಿ ಎತ್ತು ಎನ್ನುವಾಗ ಆರೂವರೆ. ಉಸಿರು ಬಿಟ್ಟೆ. ಬಸ್ಕಿಗೆ ಕೂತಂತೆ ಕೂತು ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಯ ಕೆಳಗೆ ಕೊಟ್ಟು ಎದ್ದೆ. ಸೀರೆ, ಒಡವೆ, ಹೂವು, ಏಳು ಹೋಳಿಗೆ ಎಲ್ಲ ಸೇರಿ ನನ್ನ ತೋಳಿಗೆ ಬಂದವು. ಹಿಂದಿನ ರಾತ್ರಿ ಅವಳೂ ಅಮ್ಮನಂತೆ ಏಳು ತಿಂದಿದ್ದಳು, ನನ್ನ ಮಾತು ಉಳಿಸಿದ್ದಳು.

ಹತ್ತು ಹೆಜ್ಜೆ ಚೆನ್ನಾಗಿಯೇ ಹೋದೆ. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಉಸಿರು ಬಿಡುವುದು, ಮತ್ತೆ ಎರಡು. ಹನ್ನೊಂದಕ್ಕೆ ತೊಡೆ ಉರಿಯತೊಡಗಿತು. ಹದಿಮೂರರಲ್ಲಿ ಬೆವರು ಕಣ್ಣಿಗಿಳಿದು ಹೊಸ್ತಿಲು ಮಸುಕಾಯಿತು. ಹದಿನಾಲ್ಕನೆಯ ಹೆಜ್ಜೆ ಇಟ್ಟೆ, ಎತ್ತಲು ಹೋದರೆ ಕಾಲು ನನ್ನದಾಗಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಭುವನ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಇನ್ನೊಂದು ಗಳಿಗೆ ನಿಂತರೆ ಅವಳೊಂದಿಗೆ ಬೀಳುತ್ತೇನೆ ಎನ್ನಿಸಿತು. ನೆಟ್ಟಗೆ ನಿಂತು ಅವಳನ್ನು ಕೆಡವುವುದೊ, ಮಂಡಿ ಊರಿ ಹಿಡಿದುಕೊಳ್ಳುವುದೊ, ಎರಡೇ ಇದ್ದದ್ದು. ಊರಿದೆ. ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು. ಅವಳ ಕಾಲು ನೆಲದಿಂದ ಒಂದು ಗೇಣು ಮೇಲೆ ನಿಂತಿತು.

ಗಂಡಿನ ಕಡೆಯ ಹಿರಿಯರೊಬ್ಬರು ಕೂತಲ್ಲಿಂದಲೇ, "ಮಂಡಿ ಊರ್ಬಿಟ್ನಲ್ಲಪ್ಪ. ಜಂಬಣ್ಣ, ನೀನು ಬಾ," ಎಂದರು.

ಜಂಬಣ್ಣ ಬಂದ. ಆ ಭಾರದಲ್ಲಿ ಅವನ ಹೆಜ್ಜೆಯ ಸದ್ದು ನನ್ನ ಮೈಯೊಳಗೆ ಕೇಳಿಸಿತು. ನಾನು ತೋಳು ಬಿಗಿಮಾಡಿ, "ಕೊಡಲ್ಲ ಕಣೋ," ಎಂದೆ. ಅಷ್ಟೇ ಹೊರಟದ್ದು.

"ಯಾರ್ ಕೇಳಿದ್ರು ನಿನ್ನ?" ಎಂದ ಜಂಬಣ್ಣ. ಹಿರಿಯರ ಕಡೆ ತಿರುಗಿ, "ಹುಡುಗಿ ಕಾಲು ನೆಲ ಮುಟ್ಟಬಾರ್ದು ಅಂತ ಇದೆ. ಅಣ್ಣನ ಮಂಡಿ ಮುಟ್ಟಬಾರ್ದು ಅಂತ ಯಾರೂ ಹೇಳಿಲ್ಲ," ಎಂದ. ಆಮೇಲೆ ಆ ದೊಡ್ಡ ಮೈಯನ್ನು ಮೆಲ್ಲಗೆ ಬಗ್ಗಿಸಿ, ಹೆಗಲ ಟವೆಲ್ ತೆಗೆದು, ನನ್ನ ಮುಂದಿನ ನೆಲದ ಕಲ್ಲು ಗರಸು ಗುಡಿಸತೊಡಗಿದ. ಅವನು ಒಂದು ಮೊಳ ಗುಡಿಸುವನು, ನಾನು ಒಂದು ಮೊಳ ಸರಿಯುವೆನು. ಸಾಲಿನ ಕೊನೆಯಿಂದ ನಫೀಸಾಳ ದನಿ ಬಂತು, "ಉಸಿರು ಬಿಡಿ ಅಂಕಲ್." ಹದಿನಾಲ್ಕು ಜನ ಒಟ್ಟಿಗೆ ಉಸಿರು ಬಿಟ್ಟರು. ನಾನೂ ಬಿಟ್ಟೆ. ಪಂಚೆ ಮಂಡಿಯ ಹತ್ತಿರ ಹರಿದು ಚರ್ಮ ಸುಲಿಯಿತು, ಹೊಸ್ತಿಲ ಬಳಿ ಹಚ್ಚಿದ್ದ ಅರಿಸಿನ ಗಾಯಕ್ಕೆ ಮೆತ್ತಿ ಉರಿಯಿತು. ಒಂದು ಮಂಡಿ ಹೊಸ್ತಿಲು ದಾಟಿಸಿದೆ, ಇನ್ನೊಂದನ್ನೂ ದಾಟಿಸಿದೆ. ಒಳಗಿದ್ದ ಗೋಡೆ ಗಡಿಯಾರದಲ್ಲಿ ಆರೂ ಮೂವತ್ತೊಂಬತ್ತು. ಅಂಗಳದಲ್ಲಿ ಪಾಲಯ್ಯ ಮಗುವಿನಂತೆ ಬಿಕ್ಕುವುದು ಕೇಳಿಸುತ್ತಿತ್ತು.

ಹಾಗೇ ಮಂಡಿಯ ಮೇಲಿದ್ದಾಗ ಭಾರ ಇಳಿಯಿತು. ಹೊರಗೆ ವಾಲಗ ಒಮ್ಮೆಲೇ ಶುರುವಾಯಿತು, ಜನ ಎದ್ದರು. ನನ್ನ ತೋಳುಗಳು ನೂರು ಕೆಜಿಗೆ ಬಿಗಿದುಕೊಂಡಿದ್ದವು, ಅವುಗಳೊಳಗಿನ ಹುಡುಗಿ ಇದ್ದಕ್ಕಿದ್ದಂತೆ ಏನೂ ಇಲ್ಲವೆನ್ನುವಷ್ಟು ಹಗುರವಾಗಿ ಮೇಲಕ್ಕೆ ನೆಗೆದಳು. ಗಾಬರಿಯಲ್ಲಿ ನನ್ನ ಬಲಗೈ ತಾನೇ ಅವಳ ಕತ್ತಿನ ಕೆಳಗೆ ಹೋಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಗಂಗರತ್ನ ಎರಡು ದಿನದ ಈ ಕೂಸನ್ನು ನನ್ನ ಕೈಗಿತ್ತದ್ದು, "ಅಣ್ಣ, ಕತ್ತು ಇನ್ನೂ ನಿಂತಿಲ್ಲ, ಕೆಳಗೆ ಕೈ ಕೊಡು," ಎಂದದ್ದು ಆ ಕೈಗೆ ನೆನಪಿತ್ತು.

"ಆಯ್ತು ಮಾವ. ಇಳಿಸು," ಎಂದಳು ಭುವನ.

"ಇಳಿಸ್ತೀನಿ," ಎಂದೆ.

"ಇಳಿಸ್ರೀ, ಗಂಡು ಕಾಯ್ತಿದಾನೆ," ಎಂದಳು ಬೋರಮ್ಮ ಹಿಂದಿನಿಂದ.

ಎತ್ತುವುದಕ್ಕೆ, ಹಿಡಿಯುವುದಕ್ಕೆ, ತಡೆಯುವುದಕ್ಕೆ ಮೂರು ತಿಂಗಳಲ್ಲಿ ಎಷ್ಟು ಪದ ಕಲಿತಿದ್ದೆ. ಇಳಿಸುವುದಕ್ಕೆ ಒಂದನ್ನೂ ಕಲಿತಿರಲಿಲ್ಲ. ಭುವನ ನನ್ನ ಮುಖ ನೋಡಿದಳು. ಕುತ್ತಿಗೆಗೆ ಹಾಕಿದ್ದ ಕೈಯನ್ನು ಇನ್ನಷ್ಟು ಬಿಗಿಮಾಡಿ, ತಲೆಯನ್ನು ನನ್ನ ಹೆಗಲಿಗೆ ಒರಗಿಸಿ, "ಸರಿ, ಇನ್ನೊಂದು ಸ್ವಲ್ಪ ಇರ್ಲಿ," ಎಂದಳು.